ಕಾಲಿಗೆ ತಾಗಿದ ರಾಕೆಟ್ ನಕ್ಷೆ

1998ರ ಅಕ್ಟೋಬರ್. ನಾವು ಆಗ ಕ್ರೋಯ್ಡನ್ನಿನ ಒಂದು ಫ್ಲ್ಯಾಟಿನಲ್ಲಿದ್ದೆವು. ಯಜಮಾನರು ಆಸ್ಪತ್ರೆಯಲ್ಲಿ ಡಾಕ್ಟರು. ಧಾರವಾಡದಲ್ಲಿ ಓದುವಾಗ ನಾನು ಹಟ ಹಿಡಿದು ಕಲಿತಿದ್ದ ಜರ್ಮನ್ ಭಾಷೆ ಲಂಡನ್ನಿನಲ್ಲಿ ಕೆಲಸ ಕೊಡಿಸಿತು. ಹಳೆಯ ಕಾಗದಪತ್ರ ಕಾಪಾಡುವ ಒಂದು ಸಂಗ್ರಹಾಲಯದಲ್ಲಿ, ಒಬ್ಬ ಜರ್ಮನ್ ರಾಕೆಟ್ ಎಂಜಿನಿಯರ್ ಬಿಟ್ಟುಹೋದ ಪೆಟ್ಟಿಗೆಗಳನ್ನು ಓದಿ ವಿಂಗಡಿಸುವ ಕೆಲಸ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನವರೇ ಅವನನ್ನು ಕರೆತಂದಿದ್ದರಂತೆ. ಇಲ್ಲೇ ತೀರಿಕೊಂಡಿದ್ದ.

"ಮತ್ತ ಕನಸು ಕಾಣ್ಲಿಕ್ಕೆ ಹೊಂಟ್ಯೇನು? ಟ್ರೇನ್ ತಪ್ಪತದ ನೋಡು!" ಎಂದು ಯಜಮಾನರು ದಿನಾ ಛೇಡಿಸುತ್ತಿದ್ದರು. ಸುಳ್ಳಲ್ಲ. ಆ ಪೆಟ್ಟಿಗೆಗಳಲ್ಲಿದ್ದ ರಾಕೆಟ್ ನಕ್ಷೆಗಳ ಮುಂದೆ ಕೂತರೆ ನನಗೆ ಹಸಿವೂ ನೆನಪಾಗುತ್ತಿರಲಿಲ್ಲ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದ. ಕಿಟಕಿಯ ಬಿಸಿಲಿಗೆ ಹಿಡಿದರೆ ಪೆನ್ಸಿಲ್ ಗೆರೆಗಳು ಗಾಳಿಯಲ್ಲಿ ತೇಲುವಂತೆ ಕಾಣುತ್ತಿದ್ದವು. ಒಂದು ದೊಡ್ಡ ನಕ್ಷೆಯಲ್ಲಿ ರಾಕೆಟ್ ಹಾರುವ ದಾರಿಯ ಒಂದೇ ಒಂದು ಕಮಾನು, ಸಮುದ್ರದಾಚೆಯ ದಂಡೆಯಿಂದ ಎದ್ದು ಮೇಲೆ ಮೇಲೆ ಹೋಗುತ್ತಿತ್ತು. ನಾನೂ ಅದರ ಜೊತೆ ಆಕಾಶದ ಚುಕ್ಕಿಗಳವರೆಗೆ ಹೋಗಿಬರುತ್ತಿದ್ದೆ. ಅದು ಇಳಿಯುವ ಕಡೆ ಕಣ್ಣು ಹೋಗಿತ್ತು, ಮನಸ್ಸು ಹೋಗಿರಲಿಲ್ಲ.

ಆ ಕಾಗದಗಳೆಲ್ಲ ಇನ್ನೂ ಅವನ ಮಗಳು ಹೆಲ್ಗಾಳವು. ಹತ್ತಿರದ ಸಟನ್‌ನಲ್ಲಿ ಒಬ್ಬಳೇ ಇದ್ದ, ಅರವತ್ತು ದಾಟಿದ ಹೆಂಗಸು. ಸಂಗ್ರಹಾಲಯಕ್ಕೆ ಕೊಡುತ್ತೇನೆಂದು ಅವಳು ಇನ್ನೂ ಸಹಿ ಹಾಕಿರಲಿಲ್ಲ. ಒಂದು ಶುಕ್ರವಾರ ಬಂದವಳೇ, "ಕೊಡೋದಿಲ್ಲ. ಮನೆಗೆ ಒಯ್ದು ತೋಟದಲ್ಲಿ ಸುಟ್ಟುಬಿಡ್ತೀನಿ" ಎಂದಳು.

"ಸುಡೋ ಮುಂಚೆ ಇದೊಂದನ್ನ ನೋಡಿ" ಎಂದು ಅಂಗಲಾಚಿದೆ. ಆ ದೊಡ್ಡ ನಕ್ಷೆ ಮೇಜಿನ ಮೇಲೆ ಹಿಡಿಸುತ್ತಿರಲಿಲ್ಲ. ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಶೂ ಬಿಚ್ಚಿ, ಮೆಲ್ಲಗೆ ಹರಡಿದೆ. ಹಿಂದೆ ಸರಿಯುವಾಗ ಹಿಮ್ಮಡಿ ಅದಕ್ಕೇ ತಾಗಿಬಿಟ್ಟಿತು.

ಅಯ್ಯೋ ಶಿವನೇ! ಯೋಚಿಸುವ ಮೊದಲೇ ನಾನು ಬಗ್ಗಿ, ಕಾಗದದ ಮೂಲೆ ಎತ್ತಿ ಕಣ್ಣಿಗೊತ್ತಿಕೊಂಡಿದ್ದೆ. ಬೆಳಿಗ್ಗೆ ಪೂಜೆ ಮಾಡಿ ಹಣೆಗೆ ಇಟ್ಟುಕೊಂಡಿದ್ದ ಕುಂಕುಮ ಅದಕ್ಕೆ ಹತ್ತಿತು. ಶಾಯಿ ಪೆನ್ನನ್ನೂ ಒಳಗೆ ಬಿಡದ ಕೋಣೆಯಲ್ಲಿ ಕೆಂಪು ಕಲೆ!

ಹೆಲ್ಗಾ ಕಲೆಯನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದಳು. "ಇದಕ್ಕೆ ಪೂಜೆ ಮಾಡ್ತೀಯಾ? ಈ ಗೆರೆ ಎಲ್ಲಿಗೆ ಬಂತು ಗೊತ್ತಾ? ಇಲ್ಲಿಗೆ. ಈ ಊರಿಗೆ. ಮನೆಯಲ್ಲಿ ಮಲಗಿದ್ದವರ ಮೇಲೆ."

"ಪೂಜೆ ಅಲ್ಲ" ಎಂದೆ. "ಕಾಲು ತಾಗಿತು. ನಮ್ಮ ಕಡೆ ಕಾಗದಕ್ಕೆ ಕಾಲು ತಾಗಿದರೆ ತಪ್ಪಾಯ್ತು ಅಂತ ಹೀಗೆ ಕೇಳ್ಕೋತೀವಿ."

"ಕಾಗದದ ಹತ್ತಿರ?"

"ಹೌದು."

"ಬೇಕಂತ ಮಾಡದಿದ್ದರೂ?"

"ಬೇಕಂತ ಮಾಡದಿದ್ದರೂ."

ಅವಳು ನಕ್ಷೆಯ ಅಂಚಿಗೆ ಬಂದು ನಿಂತಳು. ಬಿಸಿಲು ನೆಲದ ಮೇಲೆ ನಿಧಾನ ಸರಿಯುತ್ತಿತ್ತು. ಆಮೇಲೆ ಹೇಳಿದಳು: "ನಮ್ಮಪ್ಪ ಯಾರ ಹತ್ತಿರಾನೂ ಕೇಳಲಿಲ್ಲ. ಗೆರೆ ಎಳೆದವನು ನಾನು, ಹಾರಿಸಿದವರು ಬೇರೆ ಅನ್ನುತ್ತಿದ್ದ. ಸಾಯೋವರೆಗೂ ಅದೇ ಮಾತು."

ಮೇಜಿನ ಕಾಲು ಹಿಡಿದುಕೊಂಡು ಕಷ್ಟಪಟ್ಟು ಮಂಡಿಯೂರಿದಳು. ಕಮಾನು ಬಂದು ಇಳಿದ ಜಾಗವನ್ನು, ಲಂಡನ್ನನ್ನು, ಎರಡು ಬೆರಳಿನಿಂದ ಮುಟ್ಟಿದಳು. ಬೆರಳುಗಳನ್ನು ಕಣ್ಣಿಗೊತ್ತಿಕೊಂಡಳು. ಅಭ್ಯಾಸವಿಲ್ಲದ ಕೈ, ಕನ್ನಡಕ ಓರೆಯಾಯಿತು. ನನಗೆ ಅಳು ತಡೆಯಲಾಗಲಿಲ್ಲ.

"ಸುಟ್ಟರೆ ಇನ್ನು ಯಾರೂ ತಪ್ಪಾಯ್ತು ಅಂತ ಕೇಳೋ ಹಾಗೇ ಇಲ್ಲ" ಎಂದಳು ಏಳುತ್ತಾ. ಹೊರಗೆ ಹೋಗಿ ಸಹಿ ಹಾಕಿ ಬಂದಳು. ನನ್ನ ಮೇಲಧಿಕಾರಿ ಬಂದಾಗ ಕಲೆಯನ್ನು ತೋರಿಸಿ, "ಅದನ್ನ ಒರೆಸಬೇಡಿ" ಎಂದಳು.

ಈಗಲೂ ಪೇಪರು ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇನೆ. ಮೊದಲು ಅದು ಬರೀ ಸರಸ್ವತಿಗೆ ಆಗಿತ್ತು. ಈಗ, ಆ ಗೆರೆ ಇಳಿದ ಮನೆಗಳಲ್ಲಿ ಮಲಗಿದ್ದವರಿಗೂ.