ಕೊನೆಯ ಗುಟುಕು

ದೊಡ್ಡಮ್ಮನ ಎರಡೂ ತೋಳುಗಳಲ್ಲಿ ಇಂಜೆಕ್ಷನ್ನಿನ ಗಂಟುಗಳಿದ್ದವು. ಬೆರಳಿಟ್ಟರೆ ಹುಣಸೆಬೀಜದ ಹಾಗೆ ಗಟ್ಟಿಯಾಗಿ ಸಿಗುತ್ತಿದ್ದವು. ಟಿ.ಬಿ. ಬಂದು ತಿಂಗಳುಗಟ್ಟಲೆ ಚಿತ್ರದುರ್ಗದ ಆಸ್ಪತ್ರೆಯಲ್ಲಿದ್ದು, ಪೂರ್ತಿ ವಾಸಿಯಾಗಿ ಹಿರಿಯೂರಿಗೆ ಮರಳಿದ್ದಳು. ಮಾರಿಕಣಿವೆಯ ಕಾಲುವೆ ಕೆಲಸದಲ್ಲಿದ್ದ ದೊಡ್ಡಪ್ಪ ತೀರಿಕೊಂಡ ಮೇಲೆ ಅವಳಿಗೆ ನಮ್ಮ ಮನೆಯೇ ಮನೆ.

ಅವಳದು ಜೋರು ದನಿ. ಶುಕ್ರವಾರದ ಮನೆಪ್ರಾರ್ಥನೆಯಲ್ಲಿ ಕೀರ್ತನೆ ಹಾಡುವಾಗ ಎಲ್ಲರಿಗಿಂತ ಒಂದು ಸಾಲು ಮುಂದಿರುತ್ತಿದ್ದಳು. ಅಪ್ಪ ಗೊಣಗಿದರೆ, "ನಿಧಾನಕ್ಕೆ ಹಾಡಿದ್ರೆ ಒಲೆ ಮೇಲಿನ ಸಾರು ಸೀದು ಹೋಗ್ತೈತೆ ಕಣಪ್ಪ. ಯೇಸಪ್ಪಂಗೂ ಗೊತ್ತೈತೆ" ಎನ್ನುವಳು.

ನಮ್ಮ ಚರ್ಚಿನ ಸಭೆ ಸಣ್ಣದು. ತಿಂಗಳಿಗೊಮ್ಮೆ ದುರ್ಗದಿಂದ ಪಾದ್ರಿ ಅಯ್ಯನವರು ಬಂದು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುತ್ತಿದ್ದರು. ಸಾಲಾಗಿ ಮೊಣಕಾಲೂರಿದವರ ತುಟಿಗೆ ಒಂದೇ ಬಟ್ಟಲು ಎಡದಿಂದ ಬಲಕ್ಕೆ ಬರುತ್ತಿತ್ತು. ಊರಿನ ಹೋಟೆಲುಗಳಲ್ಲಿ ತಮಗೆಂದು ಬೇರೆ ಇಟ್ಟ ಲೋಟದಲ್ಲಿ ಕುಡಿದವರ ಮಕ್ಕಳು ನಾವು. ಆ ಒಂದೇ ಬಟ್ಟಲು ಎಂದರೆ ಏನೆಂದು ಯಾರೂ ನಮಗೆ ಹೇಳಿಕೊಡಬೇಕಾಗಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಭೋಜನಕ್ಕೆ ದೊಡ್ಡಮ್ಮ ಹೆಂಗಸರ ಸಾಲಿನ ನಡುವೆ ಮೊಣಕಾಲೂರಿದಳು. ಅವಳ ಬಲಕ್ಕೆ ನಾನು, ನನ್ನಾಚೆ ಇನ್ನೂ ಕೆಲವರು. ಅಯ್ಯನವರು ಬಟ್ಟಲು ಎತ್ತುತ್ತಿದ್ದಂತೆ ಕೊನೆಯಲ್ಲಿದ್ದವಳು ಎದ್ದು ಎಡತುದಿಗೆ ಹೋಗಿ ಕೂತಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರು. ಎಡಗಡೆ ಇದ್ದ ಅಮ್ಮ ನನಗೆ ಕಣ್ಸನ್ನೆ ಮಾಡಿದಳು. ನಾನೂ ಹೊಟ್ಟೆ ಹಿಡಿದುಕೊಂಡು ಎದ್ದೆ.

ದೊಡ್ಡಮ್ಮ ಪಕ್ಕದ ಖಾಲಿ ಜಾಗ ನೋಡಿದಳು. "ಏನ್ರವ್ವ, ಎಲ್ಲಾರೂ ಮುಂದಕ್ಕೆ ಹೋದ್ರಿ? ನಾನೇನು ರೈಲಿನ ಕೊನೇ ಗಾರ್ಡ್ ಡಬ್ಬೀನಾ?" ಎಂದು ಮೆಲ್ಲಗೆ ನಕ್ಕಳು.

ಮನೆಗೆ ಬರುವ ದಾರಿಯಲ್ಲಿ ನನಗೊಬ್ಬಳಿಗೇ ಹೇಳಿದಳು: "ಬಸುರಿ ನೀನು. ಸರಿದು ಕುಂತಿದ್ದು ಒಳ್ಳೇದೇ ಆತು ಕಣವ್ವ."

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಆಮೇಲೆ ಪ್ರತಿ ಸಲವೂ ಎಲ್ಲರೂ ಎದ್ದು ಬಂದ ನಂತರ ಅವಳೊಬ್ಬಳೇ ಹೋಗಿ ಮೊಣಕಾಲೂರುತ್ತಿದ್ದಳು. ಅದನ್ನು ಅವಳ ಭಕ್ತಿ, ತಗ್ಗುವ ಸ್ವಭಾವ ಎಂದು ಹೊಗಳಿ ನಾವು ನೆಮ್ಮದಿಯಾಗಿದ್ದೆವು. ಹಾಗೆ ಹೊಗಳಿದ್ದು ನೆನೆದರೆ ಈಗಲೂ ತಲೆ ಎತ್ತಲಾಗುವುದಿಲ್ಲ.

ಕೆಲವು ವರ್ಷ ಕಳೆದು ಎದೆನೋವಿನಿಂದ ಹಾಸಿಗೆ ಹಿಡಿದಳು. ಸುದ್ದಿ ಕೇಳಿ ನಾನೂ ತವರಿಗೆ ಬಂದೆ. ಅಯ್ಯನವರು ಮನೆಗೇ ಭೋಜನ ತಂದರು. ನಾವೆಲ್ಲ ಮಂಚದ ಸುತ್ತ ಮೊಣಕಾಲೂರಿದೆವು. ಬಟ್ಟಲನ್ನು ಮೊದಲು ಅವಳ ತುಟಿಗೆ ಹಿಡಿದರು. ಅವಳು ಮುಖ ತಿರುಗಿಸಿದಳು.

"ಮೊದ್ಲು ಅವ್ರಿಗೆ ಕೊಡ್ರಿ, ಅಯ್ಯನೋರೆ."

"ನೀನು ಕುಡಿ ದೊಡ್ಡಮ್ಮ. ನಿನ್ನ ಹಿಂದೇನೆ ನಾನು ಕುಡೀತೀನಿ" ಎಂದೆ.

"ಬ್ಯಾಡವ್ವ. ಕೊನೇದು ನಂದು. ನಂಗೆ ರೂಢಿ ಆಗೈತೆ."

ದನಿಯಲ್ಲಿ ಮುನಿಸಿರಲಿಲ್ಲ. ಎಷ್ಟು ಬೇಡಿಕೊಂಡರೂ ತುಟಿ ತೆರೆಯಲಿಲ್ಲ. ಬಟ್ಟಲು ನಮ್ಮೆಲ್ಲರನ್ನೂ ಸುತ್ತಿ ಬಂದ ಮೇಲೆ ಉಳಿದಿದ್ದನ್ನು ಕಣ್ಣು ಮುಚ್ಚಿ ಕುಡಿದಳು.

ಆ ವಾರವೇ ತೀರಿಕೊಂಡಳು. ಪೆಟ್ಟಿಗೆ ಮುಚ್ಚುವ ಮೊದಲು ಸಭೆಯ ಹೆಂಗಸರೆಲ್ಲ, ಅವತ್ತು ಎದ್ದು ಹೋದವರೂ ಸೇರಿ, ಒಬ್ಬೊಬ್ಬರಾಗಿ ಅವಳ ಹಣೆಗೆ ಮುತ್ತಿಟ್ಟರು. ನನ್ನ ಸರದಿ ಬಂತು. ಇನ್ನು ಅವಳು ಬೇಡವೆನ್ನಲಾರಳು ಎಂದು ಗೊತ್ತಿದ್ದೇ ಬಗ್ಗಿದೆ.