ಅಳಿಸಲಾಗದ ತೋತಾಪುರಿ

ನಮ್ಮ ಪುಟ್ಟ ಕಂಪನಿಯ ಡಿಸೈನರ್ ಸವಣೂರಿನವಳು. ಆ್ಯಪ್ ಪರೀಕ್ಷಿಸಲು ಯಾರ ಕೈಗೆ ಫೋನ್ ಕೊಟ್ಟರೂ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಎಲ್ಲಿ ಒತ್ತಬೇಕೆಂದು ಕೇಳಿದರೆ ಅವಳದು ಒಂದೇ ಮಾತು: “ನಾ ಹೇಳೂದಿಲ್ರಿ, ನೀವ ಹೇಳ್ರಿ.”

ಮಾವಿನಹಣ್ಣು ಯಾವ ತೋಟದ್ದೆಂದು ಕೊಳ್ಳುವವರಿಗೆ ತೋರಿಸುವ ಆ್ಯಪನ್ನು ನಾವು ಬ್ಲಾಕ್‌ಚೈನ್ ಮೇಲೆ ಕಟ್ಟುತ್ತಿದ್ದೆವು. ಅದರಲ್ಲಿ ಒಮ್ಮೆ ದಾಖಲಾದದ್ದನ್ನು ಯಾರೂ ಅಳಿಸಲಾರರು. ಅದೇ ನಮ್ಮ ಹೆಮ್ಮೆ. ತಿಳವಳ್ಳಿಯ ಬೆಳೆಗಾರರು ಅದನ್ನು ಬಳಸಿ ನೋಡಿ, ಸೇರುವುದೋ ಬಿಡುವುದೋ ತೀರ್ಮಾನಿಸುವವರಿದ್ದರು.

ಮೊದಲು ಕೂತ ಹಿರಿಯ ಬೆಳೆಗಾರ್ತಿ ತಮ್ಮ ಆಪೂಸನ್ನು ತೋತಾಪುರಿ ಎಂದು ದಾಖಲಿಸಿಬಿಟ್ಟರು.

“ತಪ್ಪಾತು. ಅಳಸವ್ವಾ.”

“ಅಳಸಾಕ ಬರೂದಿಲ್ರಿ, ಯವ್ವಾ.”

“ಹಂಗಂದ್ರ ಹೆಂಗ? ನಾವು ತಪ್ಪ ಬರದ್ರ ಗೀಟ ಹೊಡದು, ಕೆಳಗ ಖರೇದ್ದು ಬರೀತೇವಿ.”

ಬೆನ್ನ ಹಿಂದಿದ್ದ ಡಿಸೈನರ್ ಕೈಗಳು ತಟ್ಟನೆ ಮುಂದೆ ಬಂದವು. ಅಲ್ಲೇ ನೆಲಕ್ಕೆ ಕೂತು, ಹಣ್ಣಿನ ರಟ್ಟಿನ ಡಬ್ಬಿಯ ಮೇಲೆ ಪೆನ್ಸಿಲ್‌ನಿಂದ ಆ್ಯಪಿನ ಹೊಸ ಪರದೆ ಬಿಡಿಸಿದಳು. ತೋತಾಪುರಿ ಎಂಬುದು ಹಾಗೇ ಉಳಿದು, ಅದರ ಮೇಲೊಂದು ಗೀಟು. ಕೆಳಗೆ ಆಪೂಸು, ತಿದ್ದಿದವರ ಹೆಸರು, ಒತ್ತಲು ಒಂದು ಗುಂಡಿ. ಅಜ್ಜಿ ಆ ಪೆನ್ಸಿಲ್ ಗುಂಡಿಯನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿದರು.

“ಈಗ ಬರೋಬ್ಬರಿ ಆತು. ಬರ್ರೆಲ್ಲಾರೂ, ಒತ್ತಿ ನೋಡ್ರಿ!”

ಜನ ಸಾಲುಗಟ್ಟಿದರು. ಕೊನೆಯವರು ಒತ್ತುವ ಹೊತ್ತಿಗೆ ಎಲ್ಲರೂ ಸೇರುವುದಾಗಿ ಒಪ್ಪಿದ್ದರು.

ವಾಪಸ್ ಬರುವಾಗ ಹಾನಗಲ್ ಬಸ್ಸಿನಲ್ಲಿ ಡಿಸೈನರ್ ಆ ಡಬ್ಬಿಗೆ ತನ್ನ ಸೀಟು ಕೊಟ್ಟು, ತಾನು ನಿಂತೇ ಬಂದಳು. ಕಂಡಕ್ಟರ್ ಅದರೊಳಗೇನಿದೆ ಎಂದು ಕೇಳಿದಾಗ, ಬಸ್ಸಿಗೆಲ್ಲ ಕೇಳುವಂತೆ ಕೂಗಿದಳು: “ಒಳಗೇನಿಲ್ರಿ, ಮ್ಯಾಲ ನೋಡ್ರಿ!”