ಮೂರನೆಯ ಸಪ್ಪಳ

ಆಕೆಯ ತಲೆ ಸದಾ ಅಲುಗುತ್ತಿತ್ತು. ಜೋರಾಗಿ ಅಲ್ಲ. ಯಾರೋ ಎದುರಿಗೆ ಕೂತು ಕಥೆ ಹೇಳುತ್ತಿದ್ದಾರೆ, ಈಕೆ ಹೂಂಗುಟ್ಟುತ್ತಿದ್ದಾರೆ ಅನ್ನುವಷ್ಟು, ಅಷ್ಟೇ. ಕಿವಿಯಲ್ಲಿದ್ದ ಜುಮುಕಿ ಮಾತ್ರ ಆ ಸಣ್ಣ ಅಲುಗಾಟವನ್ನು ದೊಡ್ಡದು ಮಾಡಿ ಎಲ್ಲರಿಗೂ ತೋರಿಸಿಬಿಡುತ್ತಿತ್ತು.

ರಾಜಾಜಿನಗರದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಆ ಮಧ್ಯಾಹ್ನ ಐದು ಜನ ಇದ್ದೆವು. ಬಾಗಿಲ ಬಳಿ ಹೆಡ್‌ಮಾಸ್ತರು, ಸೀಬೆಹಣ್ಣಿಗೆ ಉಪ್ಪು ಹಚ್ಚುತ್ತಿದ್ದ ಮ್ಯಾಥ್ಸ್ ಸಾರ್, ಕುತ್ತಿಗೆಗೆ ವಿಶಲ್ ನೇತುಹಾಕಿಕೊಂಡ ಪಿ.ಟಿ. ಸಾರ್, ಕನ್ನಡದ ನಾನು, ನನ್ನ ಪಕ್ಕದಲ್ಲಿ ಚಿತ್ರಾನ್ನದ ಡಬ್ಬಿ ತೆರೆದುಕೊಂಡಿದ್ದ ನಮ್ಮ ಸೈನ್ಸ್ ಮೇಡಂ. ನಮ್ಮಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಯಾವ ಪಾಠವೋ ಅದೇ ಹೆಸರು.

"ಶನಿವಾರದ ಸ್ಪೆಷಲ್ ಕ್ಲಾಸ್ ಯಾರು ತಗೋತೀರಿ?" ಎಂದರು ಹೆಡ್‌ಮಾಸ್ತರು. ಎಲ್ಲರೂ ತಲೆ ತಗ್ಗಿಸಿದೆವು. ಸೈನ್ಸ್ ಮೇಡಂ ತಗ್ಗಿಸಲಿಲ್ಲ. ಅವರ ತಲೆ ತನ್ನ ಪಾಡಿಗೆ ಹೂಂ ಹೂಂ ಅನ್ನುತ್ತಿತ್ತು.

"ಥ್ಯಾಂಕ್ಸ್ ಮೇಡಂ. ಇಡೀ ಸ್ಕೂಲಲ್ಲಿ ನೀವೊಬ್ರೇ ನೋಡಿ, ಕೇಳಿದ ತಕ್ಷಣ ಹೂಂ ಅನ್ನೋರು."

"ಅಯ್ಯೋ ಸಾರ್, ನಾನೆಲ್ಲಿ ಅಂದೆ? ನನ್ನ ತಲೆ ಅಂದಿದ್ದು."

"ಹಾಗಾದ್ರೆ ಶನಿವಾರ ತಲೆ ಒಂದನ್ನೇ ಕಳಿಸಿ ಮೇಡಂ, ನೀವು ಮನೇಲಿ ಮಲಗಿ" ಎಂದರು ಮ್ಯಾಥ್ಸ್ ಸಾರ್. ಎಲ್ಲರಿಗಿಂತ ಹೆಚ್ಚು ನಕ್ಕವರು ಆಕೆಯೇ. ಶನಿವಾರ ಬಂದು ಪಾಠ ಮಾಡಿದವರೂ ಆಕೆಯೇ.

ಮಕ್ಕಳಲ್ಲೂ ಇದು ತಮಾಷೆಯಾಗಿತ್ತು. ಪ್ರಶ್ನೆ ಕೇಳಿದಾಗ ತಪ್ಪು ಉತ್ತರ ಹೇಳಿದರೂ ಮಿಸ್ ತಲೆ ಆಡಿಸುತ್ತಿದ್ದರಲ್ಲ, "ಮಿಸ್ ತಲೆ ನಂಬಬೇಡ ಮಗಾ, ಹುಬ್ಬು ನೋಡು" ಎಂದು ಹಿಂದಿನ ಬೆಂಚಿನವರು ಹೊಸಬರಿಗೆ ಬುದ್ಧಿ ಹೇಳುತ್ತಿದ್ದರು. ಈ ಅಲುಗಾಟ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಕುತ್ತಿಗೆ ನರದ ತೊಂದರೆ ಇರಬೇಕು ಎಂದು ನಾವು ಅಂದುಕೊಂಡಿದ್ದೆವು. ಆಕೆಯೂ ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟಿದ್ದರು.

ಆಕೆಯ ಪಾಠದ ಸೊಗಸು ನೋಡಬೇಕು. ಹತ್ತನೇ ಕ್ಲಾಸಿಗೆ ಹೃದಯದ ಪಾಠ ಬಂತೆಂದರೆ ಇಡೀ ಶಾಲೆ ಕಿಟಕಿಗೆ ಬರುತ್ತಿತ್ತು. ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದ ಪುಡಿಯನ್ನು ಪಿ.ಟಿ. ಸಾರ್ ಹತ್ತಿರ ಇಸಿದುಕೊಂಡು, ಮೈದಾನದಲ್ಲಿ ನಾಲ್ಕು ಕೋಣೆಯ ಒಂದು ದೊಡ್ಡ ಹೃದಯ ಬರೆಯುತ್ತಿದ್ದರು. ಮೇಲೆ ಎರಡು, ಕೆಳಗೆ ಎರಡು. ಮಕ್ಕಳೇ ರಕ್ತ. ಕಾಂಪೌಂಡ್ ಸುತ್ತಿ ದಣಿದು ಬಂದವರ ಕೈಯಲ್ಲಿ ನೀಲಿ ಚೀಟಿ. ಅವರು ಬಲಗಡೆಯ ಮೇಲಿನ ಕೋಣೆಗೆ ಬಂದು, ಕೆಳಗಿನ ಕೋಣೆಗೆ ಇಳಿದು, ಅಲ್ಲಿಂದ ಹೊಂಗೆಮರದ ಕೆಳಗೆ ಓಡಬೇಕು. ಹೊಂಗೆಮರವೇ ಶ್ವಾಸಕೋಶ. ಅಲ್ಲಿ ನೀಲಿ ಚೀಟಿ ಕೊಟ್ಟು ಕೆಂಪು ಚೀಟಿ ತೆಗೆದುಕೊಂಡು ಎಡಗಡೆಯ ಮೇಲಿನ ಕೋಣೆಗೆ, ಕೆಳಗಿನ ಕೋಣೆಗೆ, ಅಲ್ಲಿಂದ ದೊಡ್ಡ ಬಾಗಿಲು ದಾಟಿ ಮತ್ತೆ ಕಾಂಪೌಂಡ್ ಸುತ್ತಲು. ಬಾಗಿಲಿಗೊಂದು ಜೋಡಿ ಮಕ್ಕಳು ಕೈ ಕೈ ಹಿಡಿದು ನಿಂತಿರುತ್ತಿದ್ದರು.

"ಬಾಗಿಲು ಒಂದೇ ಕಡೆಗೆ ತೆರೀಬೇಕು. ಹೋದೋರು ವಾಪಸ್ ಬರಬಾರದು" ಎನ್ನುತ್ತ ನಡುವೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು. "ಮೊದಲನೇ ಚಪ್ಪಾಳೆಗೆ ಒಳಗಿನ ಬಾಗಿಲು ಮುಚ್ಚು. ಎರಡನೇದಕ್ಕೆ ಹೊರಗಿನ ಬಾಗಿಲು. ಲಬ್, ಡಬ್. ಗೊತ್ತಾಯ್ತಾ? ನಾವು ಕೇಳೋ ಸದ್ದು ಹೃದಯದ್ದಲ್ಲ ಕಣ್ರೋ, ಬಾಗಿಲಿನದು."

ಆ ವರ್ಷ ದೊಡ್ಡ ಬಾಗಿಲಿಗೆ ನಿಂತವರು ಇಬ್ಬರು ಕಿಲಾಡಿಗಳು. ಬೇಕೆಂದೇ ಸಂದು ಬಿಟ್ಟರು. ಆಚೆ ಹೋದ ಮಕ್ಕಳಲ್ಲಿ ನಾಲ್ಕೈದು ಜನ ನಗುತ್ತ ಒಳಗೆ ನುಸುಳಿದರು. ಮೇಲಿನ ಕೋಣೆಯಿಂದ ಹೊಸಬರೂ ಇಳಿದರು. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಒಬ್ಬರನ್ನೊಬ್ಬರು ತಳ್ಳಿ, ಸುಣ್ಣದ ಗೆರೆ ತುಳಿದು, ಕೋಣೆ ಎರಡರಷ್ಟಾಯಿತು. ಆಕೆ ಬೈಯುತ್ತಾರೆ ಎಂದು ನಾನು ಕಾದೆ. ಚಪ್ಪಾಳೆ ನಿಲ್ಲಿಸಿ, ಅಳಿಸಿಹೋದ ಆ ಗೆರೆಯನ್ನೇ ನೋಡುತ್ತ ನಿಂತಿದ್ದರು.

"ಮಿಸ್, ಹೀಗಾದ್ರೆ ಏನಾಗುತ್ತೆ?" ಎಂದು ಯಾರೋ ಕೂಗಿದರು.

"ಸ್ವಲ್ಪ ದಿನ ಏನೂ ಆಗಲ್ಲ" ಎಂದರು. ಎಷ್ಟು ಮೆಲ್ಲಗೆ ಅಂದರೆ, ಹತ್ತಿರ ಇದ್ದ ನನಗೆ ಮಾತ್ರ ಕೇಳಿಸಿತು.

ಮಾರನೆಯ ದಿನ ಸ್ಟೆತಾಸ್ಕೋಪಿನ ಪಾಠ. ಪ್ರತಿ ವರ್ಷವೂ ಆಕೆ ಅದನ್ನು ಸೆರಗಿನ ಮೇಲೆ ತಾವೇ ಎದೆಗೆ ಒತ್ತಿ ಹಿಡಿದು, ಒಬ್ಬೊಬ್ಬರ ಕಿವಿಗೂ ಕೊಳವೆ ಕೊಟ್ಟು ಕೇಳಿಸುತ್ತಿದ್ದರು. "ಪುಸ್ತಕ ನೋಡಿ ಬರೀಬೇಡಿ. ಕಿವಿ ಕೊಟ್ಟು ಕೇಳಿ, ಕೇಳಿದ್ದನ್ನ ಬರೀರಿ." ಇದು ಆಕೆಯ ಮಂತ್ರ. ಆ ವರ್ಷ ಮಾತ್ರ ಬೇಡ ಎಂದು ನೋಡಿದರು. ಮಕ್ಕಳು ಬಿಡಲಿಲ್ಲ. "ಸೀನಿಯರ್ಸ್‌ಗೆಲ್ಲ ಕೇಳಿಸಿದ್ರಿ, ನಮಗ್ಯಾಕಿಲ್ಲ ಮಿಸ್?" ಎಂದು ಗಂಟು ಬಿದ್ದರು. ಸಾಲು ಕಾಯಲು ನನ್ನನ್ನು ಕರೆದರು. ಕೊನೆಗೆ ನಾನೂ ಕೊಳವೆ ಕಿವಿಗಿಟ್ಟುಕೊಂಡೆ. ನನಗೇನು ಗೊತ್ತು, ಹೃದಯ ಅಂದರೆ ಪದ್ಯದಲ್ಲಿ ಕರಗುವುದು, ಅರಳುವುದು ಇಷ್ಟೇ ಗೊತ್ತಿದ್ದವಳು. ಲಬ್ ಕೇಳಿತು, ಡಬ್ ಕೇಳಿತು, ಅದರ ಹಿಂದೆಯೇ ಉಸ್ಸ್ ಎಂದು ಇನ್ನೊಂದು ಕೇಳಿತು. ಹೀಗೂ ಇರುತ್ತದೆ ಅಂದುಕೊಂಡು ಕೊಳವೆ ಕಳಚಿ ಕೊಟ್ಟೆ.

ರೆಕಾರ್ಡ್ ಪುಸ್ತಕಗಳು ಮೇಜಿನ ಮೇಲೆ ಬಂದು ಬಿದ್ದವು. ಎಲ್ಲರೂ ಪುಸ್ತಕದಲ್ಲಿದ್ದಂತೆ ಲಬ್‌ಡಬ್ ಎಂದೇ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ ಮೂರು ಸದ್ದು ಬರೆದಿದ್ದಳು. ರಾಯಚೂರು ಕಡೆಯವಳು, ಅವಳ ತಂದೆ ಶ್ರೀಗಂಧದ ಕಾವಲಿನ ಅಪಾರ್ಟ್‌ಮೆಂಟಿನಲ್ಲಿ ಕಾವಲಿಗಿದ್ದ. ಸೈನ್ಸ್ ಮೇಡಂ ಕೆಂಪು ಪೆನ್ನಿನಿಂದ ಆ ಸಾಲನ್ನು ಅಡ್ಡಡ್ಡ ಹೊಡೆದು 'ಎರಡು' ಎಂದು ಬರೆದರು.

ಹುಡುಗಿ ಪುಸ್ತಕ ಹಿಡಿದು ಸ್ಟಾಫ್ ರೂಮಿಗೇ ಬಂದಳು.

"ಟೀಚರ್, ನಾ ಕೇಳಿದ್ದು ಮೂರರೀ. ಎರಡು ಬಾಗಲಾ ಹಾಕಿದ ಸಪ್ಪಳ, ಆಮ್ಯಾಲ ಯಾರೋ ಒಳಗ ಉಸುರು ಬಿಟ್ಟಂಗ."

"ಇಲ್ಲ ಕಣೇ. ಫ್ಯಾನ್ ಸದ್ದು ಕೇಳ್ಸಿರುತ್ತೆ ನಿಂಗೆ."

"ಕರೆಂಟ್ ಹೋಗಿತ್ತಲ್ರೀ ಟೀಚರ್ ಆವತ್ತು."

"ಎರಡೇ ಇರೋದು. ಎಲ್ಲರಿಗೂ ಎರಡೇ ಕೇಳ್ಸಿದ್ದು, ನಿಂಗೊಬ್ಬಳಿಗೆ ಮೂರಾ? ಹೋಗು, ತಿದ್ದಿ ಬರ್ಕೊಂಡು ಬಾ."

ಬಾಯಿ ಇಲ್ಲ ಇಲ್ಲ ಅನ್ನುತ್ತಿತ್ತು. ತಲೆ ಹೂಂ ಹೂಂ ಅನ್ನುತ್ತಿತ್ತು. ಹುಡುಗಿ ಒಮ್ಮೆ ಆಕೆಯ ಮುಖ ನೋಡಿದಳು, ಒಮ್ಮೆ ತೂಗುತ್ತಿದ್ದ ಜುಮುಕಿ ನೋಡಿದಳು. ಹೊರಟುಹೋದಳು. ಪುಸ್ತಕವನ್ನು ತಿದ್ದಲಿಲ್ಲ.

ಆವತ್ತು ಸಂಜೆ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿದ್ದೆವು. ನಾನು ವಿಜಯನಗರದಲ್ಲಿ ಇಳಿಯಬೇಕು, ಆಕೆ ಮಲ್ಲತ್ತಹಳ್ಳಿಗೆ ಹೋಗಬೇಕು. ಮಾಗಡಿ ರಸ್ತೆಯಲ್ಲಿ ಬಸ್ಸು ನಿಂತೇ ಇತ್ತು.

"ನಂಗೂ ಮೂರು ಕೇಳಿಸ್ತು" ಎಂದೆ.

ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಮೂರೇ ಕಣ್ರೀ ಕನ್ನಡ."

ಆಮೇಲೆ ಪಾಠದಂತೆಯೇ ಹೇಳಿದರು. ದೊಡ್ಡ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ. ಒಂದು ಸಲ ಹೊರಗೆ ತಳ್ಳಿದ ರಕ್ತದಲ್ಲಿ ಒಂದಿಷ್ಟು ಅದೇ ಸಂದಿನಿಂದ ವಾಪಸ್ ಬರುತ್ತದೆ. ಮೂರನೆಯ ಸದ್ದು ಅದೇ. ಬರುವ ಹೊಸ ರಕ್ತ, ಬಂದ ಹಳೆಯ ರಕ್ತ, ಎರಡನ್ನೂ ಹಿಡಿಯಬೇಕಾಗಿ ಕೆಳಗಿನ ಕೋಣೆ ದೊಡ್ಡದಾಗುತ್ತಿದೆ. ದೊಡ್ಡದಾದ ಕೋಣೆ ಅಷ್ಟನ್ನೂ ಒಟ್ಟಿಗೆ ಜೋರಾಗಿ ಒದೆಯುತ್ತದೆ. ಆ ಒದೆತ ಕುತ್ತಿಗೆಗೆ ಬಂದು ತಲೆಯನ್ನು ಅಲುಗಿಸುತ್ತದೆ.

"ನಾನು ಹೂಂ ಅಂತಿಲ್ಲ ಕಣ್ರೀ. ಒಳಗಿಂದ ತಳ್ತಾ ಇದೆ."

"ಡಾಕ್ಟ್ರು ಏನಂದ್ರು?"

"ಬಾಗಿಲು ಬದಲಾಯಿಸ್ಬೇಕಂತೆ. ಬೇಗ."

"ಬೇಗ ಅಂದ್ರೆ?"

"ಮೇ ತಿಂಗಳಲ್ಲೇ ಅಂದಿದ್ರು."

ಆಗ ಆಗಸ್ಟ್ ನಡೆಯುತ್ತಿತ್ತು. ಬೈದೆ, ಬೇಡಿಕೊಂಡೆ. ತಾನು ರಜೆ ಹಾಕಿದರೆ ಬದಲಿ ಯಾರೂ ಬರುವುದಿಲ್ಲ, ಹತ್ತನೆಯವರು ಮುಳುಗುತ್ತಾರೆ, ಪರೀಕ್ಷೆ ಮುಗಿಯಲಿ, ಏಪ್ರಿಲ್‌ನಲ್ಲಿ ಮಾಡಿಸಿಕೊಳ್ಳುತ್ತೇನೆ ಎಂದರು. ವಿಜಯನಗರ ಬಂತು. ನಾನು ಏಳುವಾಗ ಸೆರಗು ಹಿಡಿದು ಕೂರಿಸಿದರು.

"ಪರೀಕ್ಷೆ ಅನ್ನೋದು ನೆಪ ಕಣ್ರೀ. ಎದೆ ಸೀಳಿ ತೆಗೀತಾರೆ ಅಂದ್ರೆ ಹೆದರಿಕೆ ನಂಗೆ. ಮಕ್ಕಳಿಗೆ ಎಲ್ಲ ಬಿಡಿಸಿ ಹೇಳ್ತೀನಿ, ನನಗೆ ಹೇಳ್ಕೊಳ್ಳೋಕೆ ಆಗ್ತಿಲ್ಲ. ಮನೇಲಿ ಅಕ್ಕಂಗೂ ಗೊತ್ತಿಲ್ಲ. ನೀವು ಯಾರಿಗೂ ಹೇಳಬೇಡಿ. ನನ್ನಾಣೆ."

ನಾನು ಹೂಂ ಅಂದೆ. ನನ್ನ ತಲೆಯನ್ನು ಯಾವ ರೋಗವೂ ಅಲುಗಿಸಿರಲಿಲ್ಲ, ನಾನೇ ಆಡಿಸಿದೆ.

ಸೋಮವಾರ ಆಕೆ ಜುಮುಕಿ ಬಿಟ್ಟು ಬಿಗಿಯಾದ ಓಲೆ ಹಾಕಿಕೊಂಡು ಬಂದರು. ಮ್ಯಾಥ್ಸ್ ಸಾರ್ "ಏನ್ ಮೇಡಂ, ವೈರಾಗ್ಯ ಬಂತಾ?" ಎಂದು ರೇಗಿಸಿದರು. ದೀಪಾವಳಿ ಹೊತ್ತಿಗೆ ಮೆಟ್ಟಿಲ ನಡುವೆ ನಿಂತು, ಇಳಿದು ಬರುವ ಮಕ್ಕಳ ಶೂ ಲೇಸು ಸರಿಯಿದೆಯೇ ಎಂದು ನೋಡತೊಡಗಿದರು. ಎಂಥ ಶಿಸ್ತು ಎಂದು ಹೆಡ್‌ಮಾಸ್ತರು ಹೊಗಳಿದರು. ಲೇಸು ನೋಡುವಷ್ಟು ಹೊತ್ತೂ ಆಕೆ ಏದುಸಿರು ಸುಧಾರಿಸಿಕೊಳ್ಳುತ್ತಿದ್ದರು ಎಂದು ನನಗೆ ಗೊತ್ತಿತ್ತು. ಸಂಕ್ರಾಂತಿ ಹೊತ್ತಿಗೆ ರಾತ್ರಿ ಮಲಗಿದರೆ ಉಸಿರು ಸಿಗದೆ ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು. ಪಾದ ಊದಿ ಚಪ್ಪಲಿಯ ಅಳತೆ ಬದಲಾಯಿತು. ಒಂದೆರಡು ಸಲ ಆಕೆಯ ಅಕ್ಕನ ನಂಬರ್ ತೆಗೆದು ಫೋನು ಕಿವಿಗಿಟ್ಟುಕೊಂಡಿದ್ದೇನೆ. ಅತ್ತ ಹಲೋ ಅನ್ನುವ ಮೊದಲೇ ಕತ್ತರಿಸಿದ್ದೇನೆ. ಆ ಹುಡುಗಿ ಮಾತ್ರ ದಿನವೂ ಸ್ಟಾಫ್ ರೂಮಿನ ಮುಂದೆ ಒಂದು ಕ್ಷಣ ನಿಂತು, ಒಳಗೆ ಇಣುಕಿ, ಮೇಡಂ ಕೂತಿರುವುದನ್ನು ಕಂಡು ಹೋಗುತ್ತಿದ್ದಳು.

ಮಾರ್ಚ್ ಬಂತು. ಕೊನೆಯ ಪರೀಕ್ಷೆ ವಿಜ್ಞಾನದ್ದು, ಅದಕ್ಕೆ ಇನ್ನೆರಡು ದಿನ. ಬೆಳಿಗ್ಗೆ ಅಕ್ಕ ಕಾಫಿ ತಂದಾಗ ಆಕೆ ಮೂರು ದಿಂಬಿಗೆ ಒರಗಿ ಕೂತೇ ಇದ್ದರಂತೆ. ಮಡಿಲಲ್ಲಿ ಮಾದರಿ ಪ್ರಶ್ನೆಪತ್ರಿಕೆ.

ಮಲ್ಲತ್ತಹಳ್ಳಿಯ ಆ ಮನೆಯ ಹಾಲಿನಲ್ಲಿ ಮಲಗಿಸಿದ್ದರು. ಹೆಡ್‌ಮಾಸ್ತರು ಹಾರ ಹಾಕಿ, ಕೈಮುಗಿದು, "ಮೇಡಂ, ಹೋಗ್ಬರ್ತೀರಾ" ಎಂದರು. ಅಂದವರು ಹಾಗೆಯೇ ನಿಂತರು. ಇಷ್ಟು ವರ್ಷದ ಅಭ್ಯಾಸ. ಆ ತಲೆ ಹೂಂ ಅನ್ನಲಿ ಎಂದು ಕಾಯುತ್ತಿದ್ದರು. ಅದು ಅಲುಗಲಿಲ್ಲ. ಆಕೆಯ ತಲೆ ಅಷ್ಟು ನಿಶ್ಚಲವಾಗಿದ್ದುದನ್ನು ಈ ಎರಡು ಮೂರು ವರ್ಷದಲ್ಲಿ ನಾನು ಕಂಡದ್ದು ಅದೇ ಮೊದಲು.

ಪರೀಕ್ಷೆ ಮುಗಿಯುವವರೆಗೆ ಮಕ್ಕಳಿಗೆ ಹೇಳಕೂಡದು, ವಾಟ್ಸಾಪಿನಲ್ಲೂ ಹಾಕಕೂಡದು ಎಂದು ತೀರ್ಮಾನವಾಯಿತು. ಪರೀಕ್ಷೆಯ ದಿನ ಕೇಂದ್ರದ ಗೇಟಿನಲ್ಲಿ ಹುಡುಗಿ ನನ್ನನ್ನು ಹಿಡಿದಳು. "ಸೈನ್ಸ್ ಟೀಚರ್ ಬರಲಿಲ್ಲೇನ್ರೀ?"

"ಸ್ವಲ್ಪ ಹುಷಾರಿಲ್ಲ. ನೀನು ಚೆನ್ನಾಗಿ ಬರಿ, ಹೋಗು."

ಮರುದಿನ ಎಲ್ಲರನ್ನೂ ಮೈದಾನದಲ್ಲಿ ಕೂರಿಸಿ ವಿಷಯ ಹೇಳಿದರು. ಮಕ್ಕಳು ಅತ್ತರು. ಆ ಹುಡುಗಿ ಅಳಲಿಲ್ಲ. ನೆಟ್ಟಗೆ ಸ್ಟಾಫ್ ರೂಮಿಗೆ ಬಂದು, ಅಲ್ಮೇರಾದಲ್ಲಿದ್ದ ತನ್ನ ರೆಕಾರ್ಡ್ ಪುಸ್ತಕ ಕೊಡಿ ಎಂದಳು. ಕೊಟ್ಟೆ. ಕೆಂಪು ಗೆರೆ ಬಿದ್ದ ಹಾಳೆ ತೆಗೆದು ನನ್ನ ಮುಂದಿಟ್ಟಳು.

"ಆವತ್ತ ನೀವೂ ಕೇಳಿದ್ರಲ್ರೀ, ಟೀಚರ್?"

"ಕೇಳಿದ್ದೆ."

"ಎಷ್ಟಿದ್ದವ್ರೀ?"

ಮ್ಯಾಥ್ಸ್ ಸಾರ್ ತಲೆ ಎತ್ತಿದರು. ಹೆಡ್‌ಮಾಸ್ತರು ಬಾಗಿಲಲ್ಲೇ ನಿಂತರು.

"ಮೂರು" ಎಂದೆ.

ಹುಡುಗಿ ಪೆನ್ನು ಚಾಚಿದಳು. ನಾನು ಕನ್ನಡದವಳು, ವಿಜ್ಞಾನದ ಪುಸ್ತಕಕ್ಕೆ ಸಹಿ ಹಾಕುವ ಅಧಿಕಾರ ನನಗಿಲ್ಲ. 'ಎರಡು' ಎಂಬುದನ್ನು ಹೊಡೆದು ಹಾಕಿ, ಪಕ್ಕದಲ್ಲಿ 'ಮೂರು, ಸರಿ' ಎಂದು ಬರೆದು, ಸಹಿ ಹಾಕಿ, ತಾರೀಖು ಬರೆದೆ. ಮೇಡಂ ಕುರ್ಚಿಯ ಪಕ್ಕದಲ್ಲಿ ನಿಂತುಕೊಂಡೇ ಅವಳು ಶಾಯಿ ಒಣಗುವವರೆಗೆ ಕಾದಳು. ಆಮೇಲೆ ಪುಸ್ತಕ ಮುಚ್ಚಿಕೊಂಡು ಹೋದಳು.